ಸೋತವನ ಹೆಸರು

ಲಸ್ಸಾದ್ ಮಾಜ್ರಿ ಪಂದ್ಯ ನೋಡುತ್ತಿರಲಿಲ್ಲ. ಮೆಂಜೆಲ್ ಬೂರ್ಗಿಬಾದಲ್ಲಿ ಹುಸ್ನಿಯ ಬೆಟ್ಟಿಂಗ್ ಅಂಗಡಿಯ ಗೋಡೆಗೆ ನಾಲ್ಕು ಟಿವಿಗಳಿವೆ. ಶನಿವಾರ ಮಧ್ಯಾಹ್ನ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಗೋಲು ಬಿದ್ದಾಗ ಅಂಗಡಿಯೆಲ್ಲ ಒಂದೇ ಗಂಟಲಾಗಿ ಕೂಗಿದರೆ ಲಸ್ಸಾದ್ ಮಾತ್ರ ಬಾಗಿಲ ಪಕ್ಕ ಟಿವಿಗೆ ಬೆನ್ನು ಹಾಕಿ ಕೂತು ಫೋನಿನಲ್ಲಿ ಅಂಕಿಗಳನ್ನು ನೋಡುತ್ತಿರುತ್ತಿದ್ದ. ಯಾರು ಹೊಡೆದರು ಎಂದು ಕೇಳುತ್ತಲೂ ಇರಲಿಲ್ಲ.

"ಮದುವೆಗೆ ಬಂದು ಊಟಕ್ಕೆ ಕೂರದೆ ತಟ್ಟೆ ಎಣಿಸೋನು ಇವನು," ಎಂದು ಹುಸ್ನಿ ಹಂಗಿಸುತ್ತಿದ್ದ.

"ಊಟ ಮಾಡಿದವರು ಹೊಟ್ಟೆ ಹಿಡ್ಕೊಂಡು ಹೋಗೋದನ್ನ ದಿನಾ ನೋಡ್ತೀನಲ್ಲಪ್ಪ," ಎನ್ನುತ್ತಿದ್ದ ಲಸ್ಸಾದ್, ತಲೆ ಎತ್ತದೆ.

ಉಕ್ಕಿನ ಕಾರ್ಖಾನೆಯಲ್ಲಿ ಅವನು ಕ್ರೇನ್ ಓಡಿಸುತ್ತಿದ್ದವನು. ಕುಲುಮೆಗಳು ಒಂದೊಂದಾಗಿ ತಣ್ಣಗಾದಾಗ ಮನೆಗೆ ಕಳುಹಿಸಿದವರ ಸಾಲಿನಲ್ಲಿ ಅವನ ಹೆಸರೂ ಇತ್ತು. ಮದುವೆಯಾಗಿರಲಿಲ್ಲ. ತಾಯಿ ತೀರಿಹೋದ ಮೇಲೆ ಕೆರೆಯ ಕಡೆಗಿನ ಓಣಿಯಲ್ಲಿ ಎರಡು ಕೋಣೆಯ ಮನೆಯೊಂದೇ ಉಳಿದಿತ್ತು. ಊರಿನ ಅರ್ಧ ಗಂಡಸರಂತೆ ಅವನೂ ಬೆಟ್ಟಿಂಗ್ ಅಂಗಡಿಗೆ ಹೋಗತೊಡಗಿದ. ಆದರೆ ಆಟದ ಮೇಲೆ ಅವನು ಒಂದು ದಿನವೂ ಹಣ ಕಟ್ಟಲಿಲ್ಲ. ಅವನು ಹಣ ಕಟ್ಟುತ್ತಿದ್ದುದು ಅಂಗಡಿ ಅಂಗಡಿಗಳ ನಡುವಿನ ಜಗಳದ ಮೇಲೆ.

ಅದು ಹೀಗೆ. ಇಬ್ಬರು ಟೆನಿಸ್ ಆಡುತ್ತಾರೆ ಅನ್ನಿ. ಹುಸ್ನಿಯ ಅಂಗಡಿಯಲ್ಲಿ ಮೊದಲನೆಯವನ ಮೇಲೆ ನೂರು ದೀನಾರ್ ಕಟ್ಟಿ ಗೆದ್ದರೆ ಇನ್ನೂರ ಐದು ಕೊಡುತ್ತಾರೆ. ಬಿಜೆರ್ತದ ಇನ್ನೊಂದು ಕಂಪನಿಯ ಅಂಗಡಿಯವರ ಎಣಿಕೆ ಬೇರೆ. ಅಲ್ಲಿ ಎರಡನೆಯವನ ಮೇಲೆ ನೂರೆರಡು ಕಟ್ಟಿದರೆ ಇನ್ನೂರ ಆರು ಬರುತ್ತದೆ. ಎರಡೂ ಕಡೆ ಕಟ್ಟಿದವನ ಕೈಯಿಂದ ಹೋಗುವುದು ಇನ್ನೂರೆರಡು. ಯಾರೇ ಗೆಲ್ಲಲಿ, ಕೈಗೆ ಮೂರು ನಾಲ್ಕು ದೀನಾರ್ ಹೆಚ್ಚಿಗೆ ಬರುತ್ತದೆ. ಇಂಥ ಬಿರುಕು ದಿನಕ್ಕೆ ಕೆಲವು ಸಲ ಕಾಣಿಸಿಕೊಂಡು ಸ್ವಲ್ಪ ಹೊತ್ತಿಗೆ ಮುಚ್ಚಿಹೋಗುತ್ತದೆ. ಅದನ್ನು ಕಾದು ಹಿಡಿಯುವುದೇ ಲಸ್ಸಾದನ ಕಸುಬು.

"ಜೂಜಲ್ಲ ಇದು, ತರಕಾರಿ ವ್ಯಾಪಾರ," ಎಂದು ಅವನು ಹೇಳುತ್ತಿದ್ದ. "ಆ ಸಂತೇಲಿ ಕೊಂಡು ಈ ಸಂತೇಲಿ ಮಾರೋದು. ತರಕಾರಿಯವನಿಗೆ ಟೊಮೆಟೊ ಮೇಲೆ ಪ್ರೀತಿ ಇರಬೇಕಾ?"

ಕಂಪನಿಗಳಿಗೆ ಇಂಥ ವ್ಯಾಪಾರಿಗಳು ಬೇಡ. ಸದಾ ಸ್ವಲ್ಪ ಗೆಲ್ಲುವವನನ್ನು ಅವರು ಬೇಗ ಗುರುತು ಹಿಡಿಯುತ್ತಾರೆ. ಒಂದು ಬೆಳಗ್ಗೆ ಫೋನ್ ತೆರೆದರೆ ನಿನ್ನ ಹೆಸರಿಗೆ ಒಂದು ದೀನಾರಿಗಿಂತ ಹೆಚ್ಚು ಕಟ್ಟುವಂತಿಲ್ಲ ಎಂದು ಬರೆದಿರುತ್ತದೆ. ಆಗ ಬೇರೆಯವರ ಹೆಸರು ಬೇಕಾಗುತ್ತದೆ. ನಮ್ಮ ಊರಿನಲ್ಲಿ ಇದಕ್ಕೆ 'ಹೆಸರು ಕೊಡುವುದು' ಎನ್ನುತ್ತಾರೆ. ಗುರುತಿನ ಚೀಟಿ, ಖಾತೆ, ಗುಪ್ತಪದ ಇಷ್ಟನ್ನೂ ಕೊಟ್ಟವನಿಗೆ ಲಾಭದಲ್ಲಿ ಒಂದು ಪಾಲು ಉಂಟು. ಲಸ್ಸಾದನಿಗೆ ಕ್ಷೌರಿಕ ಹೆಸರು ಕೊಟ್ಟಿದ್ದ, ಸೋದರಳಿಯ ಕೊಟ್ಟಿದ್ದ, ಮಸೀದಿಯ ಎದುರಿನ ಟೈರು ಅಂಗಡಿಯವನೂ ಕೊಟ್ಟಿದ್ದ. ಒಂದೊಂದೇ ಹೆಸರು ಕೆಲವು ತಿಂಗಳಿಗೆ ಸವೆದುಹೋಗುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ಬೆಲೆ ಸೋತವನ ಹೆಸರಿಗೆ. ವರ್ಷಗಟ್ಟಲೆ ಸೋಲುತ್ತಲೇ ಬಂದವನನ್ನು ಕಂಪನಿ ಅಳಿಯನ ಹಾಗೆ ನೋಡಿಕೊಳ್ಳುತ್ತದೆ. ಎಷ್ಟು ಬೇಕಾದರೂ ಕಟ್ಟಿಸಿಕೊಳ್ಳುತ್ತದೆ, ಹಬ್ಬಕ್ಕೆ ಶುಭಾಶಯ ಕಳಿಸುತ್ತದೆ. ಇಡೀ ಮೆಂಜೆಲ್‌ನಲ್ಲಿ ವಜ್ದಿಯಷ್ಟು ಸೋತವನು ಇನ್ನೊಬ್ಬನಿರಲಿಲ್ಲ.

ವಜ್ದಿ ಅದೇ ಓಣಿಯ ಮಬ್ರೂಕಾಳ ಮಗ. ಬೆಸುಗೆ ಕಲಿತಿದ್ದ, ಕೆಲಸವಿರಲಿಲ್ಲ. ಬಿಜೆರ್ತದ ತಂಡ ಯಾರ ಎದುರು ಆಡಿದರೂ ಅದರ ಮೇಲೆಯೇ ಕಟ್ಟುತ್ತಿದ್ದ.

"ತಮ್ಮಾ, ಅವರ ಗೋಲ್‌ಕೀಪರ್ ಕಾಲು ಮುರ್ಕೊಂಡು ಆಸ್ಪತ್ರೇಲಿದ್ದಾನೆ ಕಣೋ," ಎಂದು ಲಸ್ಸಾದ್ ಒಮ್ಮೆ ಎಚ್ಚರಿಸಿದ್ದ.

"ಅದಕ್ಕೇ ಅಣ್ಣ. ಇವತ್ತು ಅವರ ಜೊತೆ ಯಾರಾದರೂ ಇರಬೇಕಲ್ಲ."

ಹೋದ ಶರತ್ಕಾಲದಲ್ಲಿ ವಜ್ದಿ ದಕ್ಷಿಣಕ್ಕೆ ಹೊರಟ. ಯಾಕೆ ಎಂದು ಓಣಿಯಲ್ಲಿ ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು: ಕೆಲಸ ಹುಡುಕುವವರನ್ನು ಕದ್ದು ಕಡಲಾಚೆಯ ದೇಶಕ್ಕೆ ದಾಟಿಸುವ ದೋಣಿಗಳು ಅಲ್ಲಿಂದಲೇ ಹೊರಡುತ್ತವೆ. ಹೊರಡುವ ಮುನ್ನ ಲಸ್ಸಾದನ ಮನೆಗೆ ಬಂದು ಖಾತೆಯ ಗುಪ್ತಪದ ಹೇಳಿದ. "ನಾನು ಅಲ್ಲಿ ಕೆಲಸ ಹಿಡಿಯೋವರೆಗೂ ನನ್ನ ಹೆಸರಲ್ಲಿ ಆಡು. ನನ್ನ ಪಾಲು ಅಮ್ಮನಿಗೆ ಕೊಡು. ಯಾವುದರದ್ದು ಅಂತ ಮಾತ್ರ ಹೇಳಬೇಡ, ಹರಾಮಿನ ದುಡ್ಡು ಅಂತ ಒಲೆಗೆ ಹಾಕಿಬಿಡ್ತಾಳೆ." ಆಮೇಲೆ ನಕ್ಕ. "ನನ್ನ ಹೆಸರು ಒಂದು ಸಲನಾದರೂ ಗೆಲ್ಲಲಿ ನೋಡೋಣ."

ದೋಣಿ ಹೊರಟಿತೆಂದು ಒಬ್ಬ ಫೋನ್ ಮಾಡಿ ಹೇಳಿದ್ದ. ಅದಾದ ಮೇಲೆ ಯಾರ ಫೋನೂ ಬರಲಿಲ್ಲ.

ಲಸ್ಸಾದ್ ಆ ಹೆಸರನ್ನು ಮುಟ್ಟಲಿಲ್ಲ. ಮನಸ್ಸು ಬರಲಿಲ್ಲ ಎಂದಷ್ಟೇ ಅವನು ಈಗ ಹೇಳುತ್ತಾನೆ. ಚಳಿಗಾಲಕ್ಕೆ ಮುಂಚೆ, ಕಾಣೆಯಾದವರ ತಾಯಂದಿರ ಸಂಘದವರು ಮಬ್ರೂಕಾಳ ಮಗಳು ಸಿಹಾಮ್‌ಗೆ ಕರೆ ಮಾಡಿದರು. ಆ ದೋಣಿಯದ್ದಿರಬಹುದಾದ ಏಳು ಶವಗಳು ದಕ್ಷಿಣದ ಕಡಲ ಊರೊಂದರಲ್ಲಿ ಸಿಕ್ಕಿದ್ದವು. ಮುಖದಿಂದ ಗುರುತು ಹಿಡಿಯುವ ಸ್ಥಿತಿ ಇರಲಿಲ್ಲ. ತಾಯಿ ಬಂದು ಬಾಯಿಯ ಎಂಜಲು ಕೊಟ್ಟರೆ ಅದರಿಂದ ಗೊತ್ತಾಗುತ್ತದೆ, ಹೊಂದಿದರೆ ದೇಹ ಮನೆಗೆ ಒಯ್ಯಬಹುದು. ಅಲ್ಲಿನ ಶವಾಗಾರದಲ್ಲಿ ಜಾಗವಿಲ್ಲದ್ದರಿಂದ ಗುರುವಾರದವರೆಗೆ ಕಾಯುತ್ತಾರೆ. ಎಂಜಲು ಕೊಟ್ಟವರಿದ್ದರೆ, ಅವರು ಹೇಳುವ ಎತ್ತರ, ಬಟ್ಟೆಗೆ ಹೊಂದುವ ದೇಹಗಳನ್ನು ಉತ್ತರ ಬರುವವರೆಗೂ ಇಟ್ಟುಕೊಳ್ಳುತ್ತಾರೆ, ಯಾರೂ ಬಾರದ ದೇಹಗಳನ್ನು ಶುಕ್ರವಾರ ಅಲ್ಲೇ ಮಣ್ಣು ಮಾಡುತ್ತಾರೆ.

ಮಬ್ರೂಕಾ ಮೊದಲು ಒಪ್ಪಲಿಲ್ಲ. ಸಿಹಾಮ್ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತ ಮೇಲೆ, "ಆಯ್ತು, ಮಂಗಳವಾರ ಹೋಗೋಣ. ನಮ್ಮವನಲ್ಲ ಅಂತ ಅವರಿಗಾದರೂ ಗೊತ್ತಾಗಲಿ," ಎಂದಳು. ಓಣಿಯವರೆಲ್ಲ ದಾರಿಖರ್ಚಿಗೆ ಕೈಲಾದಷ್ಟು ಸೇರಿಸಿಕೊಟ್ಟರು. ಲಸ್ಸಾದನೂ ಕೊಟ್ಟ.

ಅದೇ ವಾರ ಕ್ಷೌರಿಕನ ಹೆಸರೂ ಸವೆದುಹೋಯಿತು. ಲಸ್ಸಾದನ ಬಳಿ ಉಳಿದದ್ದು ಒಂದೇ ಹೆಸರು. ಶನಿವಾರ, ಯಾವುದೋ ದೇಶದ ಸಣ್ಣ ಟೆನಿಸ್ ಪಂದ್ಯವೊಂದರಲ್ಲಿ ಅವನು ವರ್ಷದಲ್ಲಿ ಕಾಣದಷ್ಟು ಅಗಲವಾದ ಬಿರುಕು ಕಾಣಿಸಿತು. ಬಿಜೆರ್ತದಲ್ಲಿ ಕೌಂಟರಿನ ಮುಂದೆ ನಿಂತು ಒಬ್ಬ ಆಟಗಾರನ ಮೇಲೆ ಸಾವಿರ ದೀನಾರ್ ನಗದು ಕಟ್ಟಿದ. ತಂಬಾಕು ಅಂಗಡಿಯಲ್ಲಿ ರೀಚಾರ್ಜ್ ಚೀಟಿಗಳನ್ನು ಕೊಂಡು ಗೀರಿ, ಹುಸ್ನಿಯ ಕಂಪನಿಯಲ್ಲಿದ್ದ ವಜ್ದಿಯ ಖಾತೆಗೆ ಐನೂರು ತುಂಬಿಸಿ, ಇನ್ನೊಬ್ಬನ ಮೇಲೆ ಕಟ್ಟಿದ. ಅವನಲ್ಲಿ ಇದ್ದದ್ದೇ ಅಷ್ಟು. ಗೆದ್ದದ್ದು ಎರಡನೆಯವನು. ಬಿಜೆರ್ತದ ಸಾವಿರ ಹೋಯಿತು, ವಜ್ದಿಯ ಖಾತೆಗೆ ಸಾವಿರದ ಐನೂರ ಐವತ್ತು ಬಂತು. ನಿಜವಾದ ಲಾಭ ಐವತ್ತು ದೀನಾರ್. ದೊಡ್ಡ ಮೊತ್ತವನ್ನು ನೇರವಾಗಿ ತೆಗೆಯಲು ಖಾತೆಯ ಒಡೆಯನೇ ಬರಬೇಕಾದ್ದರಿಂದ, ಮುಂದಿನ ಬಾಜಿಗಳಲ್ಲಿ ಆ ದುಡ್ಡನ್ನು ಸ್ವಲ್ಪ ಸ್ವಲ್ಪವಾಗಿ ಈಚೆ ದಾಟಿಸಿಕೊಳ್ಳುವುದು ಅವನ ಯೋಚನೆ.

ಬಿಜೆರ್ತದಲ್ಲಿ ಹೋದ ಸಾವಿರವನ್ನು ಯಾರೂ ನೋಡಲಿಲ್ಲ. ಹುಸ್ನಿಯ ಅಂಗಡಿಯಲ್ಲಿ ಮಾತ್ರ ವಾರದ ದೊಡ್ಡ ಗೆಲುವುಗಳನ್ನು ಟಿವಿಯ ಕೆಳಗಡೆ ಓಡಿಸುವ ವಾಡಿಕೆ. ಸೋಮವಾರ ಬೆಳಗ್ಗೆ ಅಲ್ಲಿ ವಜ್ದಿಯ ಹೆಸರು ಓಡಿತು.

ಹುಸ್ನಿ ಕೆಟ್ಟವನಲ್ಲ. ಅಂಗಡಿಯನ್ನು ತೆರೆದಿಟ್ಟೇ ಓಣಿಗೆ ಓಡಿದ. ಚಪ್ಪಲಿ ಒಂದು ದಾರಿಯಲ್ಲೇ ಬಿತ್ತು. "ಚಿಕ್ಕಮ್ಮಾ! ನಿನ್ನ ಮಗ ಬದುಕಿದ್ದಾನೆ! ಶನಿವಾರ ಆಡಿದ್ದಾನೆ, ಗೆದ್ದೂ ಇದ್ದಾನೆ ನಾಯಿಮಗ!"

ಹೆಂಗಸರು ನಾಲಿಗೆ ಹೊರಳಿಸಿ ಹಾಕುವ ಮಂಗಳದ ಕೂಗು ಲಸ್ಸಾದನ ಮನೆಗೂ ಕೇಳಿಸಿತು. ಯಾರದೋ ನಿಶ್ಚಿತಾರ್ಥ ಎಂದುಕೊಂಡು ಹೊರಗೆ ಬಂದವನಿಗೆ ಪಕ್ಕದ ಮನೆಯವಳು ಸುದ್ದಿ ಹೇಳಿದಳು. ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಆ ಇಡೀ ದಿನ ಹೊರಗೆ ಬರಲಿಲ್ಲ.

ಮಂಗಳವಾರ ಮಬ್ರೂಕಾ ದಕ್ಷಿಣಕ್ಕೆ ಹೋಗಲಿಲ್ಲ. ದಾರಿಖರ್ಚಿಗೆ ಬಂದ ದುಡ್ಡಿನಲ್ಲಿ ಕುರಿಮಾಂಸ ತಂದು ಕುಸ್ಕುಸಿ ಮಾಡಿ ಓಣಿಗೆಲ್ಲ ಹಂಚಿದಳು. "ಬದುಕಿರೋನ ಅಮ್ಮ ನಾನು. ಹೆಣಗಳಿಗೆ ಯಾಕೆ ಎಂಜಲು ಕೊಡಲಿ?"

"ಅಮ್ಮಾ," ಎಂದಳು ಸಿಹಾಮ್, "ನಿನ್ನ ಫೋನ್ ನಂಬರ್ ಮರೆತವನಿಗೆ ಬಾಜಿಯ ಗುಪ್ತಪದ ನೆನಪಿದೆಯಾ?"

"ಅವನು ನಿನಗೆ ಗೊತ್ತಿಲ್ವೇನೇ? ಅವನಿಗೆ ಅದೊಂದೇ ನೆನಪಿರೋದು."

ಹೆಂಗಸರು ನಕ್ಕರು. ಸಿಹಾಮ್‌ಗೂ ನಗು ಬಂತು.

ಲಸ್ಸಾದ್ ಮಂಗಳವಾರ ಅವರ ಮನೆಗೆ ಹೋದ, ತಟ್ಟೆ ತುಂಬ ಕುಸ್ಕುಸಿ ತಿಂದ, ಹೇಳದೆ ಎದ್ದು ಬಂದ. ಬುಧವಾರ ಸಂಜೆ ಮತ್ತೆ ಹೋದ. ಮರುದಿನ ಗುರುವಾರ. ಬೆಳಗಿನ ಗಾಡಿ ಹಿಡಿದರೆ ಇನ್ನೂ ತಲುಪಬಹುದಿತ್ತು. ಮಬ್ರೂಕಾ ಅಂಗಳದಲ್ಲಿ ಕೂತು ಮೆಣಸಿನಕಾಯಿ ಪೋಣಿಸುತ್ತಿದ್ದಳು.

"ಚಿಕ್ಕಮ್ಮ, ಶನಿವಾರ ಆಡಿದ್ದು ನಾನು."

"ನೀನೂ ಆಡ್ತೀಯ, ಅವನೂ ಆಡ್ತಾನೆ. ಕೂತ್ಕೋ."

"ಅಲ್ಲ. ಅವನ ಹೆಸರಲ್ಲಿ ಆಡಿದ್ದು ನಾನು. ಹೋಗೋವಾಗ ಅವನೇ ಕೊಟ್ಟು ಹೋದ."

ಅವಳ ಕೈ ನಿಂತಿತು. ಸಿಹಾಮ್ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಲಸ್ಸಾದ್ ಎಲ್ಲವನ್ನೂ ಹೇಳಿದ. ಎರಡು ಅಂಗಡಿ, ಎರಡು ದರ, ಬಿಜೆರ್ತದಲ್ಲಿ ಸೋತ ಸಾವಿರ, ಯಾರು ಗೆದ್ದರೂ ತನಗೆ ಬರುವ ಚೂರು ಲಾಭ, ಎಲ್ಲ. ಮಬ್ರೂಕಾ ಕೈಯಲ್ಲಿದ್ದ ಮೆಣಸಿನಕಾಯಿಯನ್ನು ದಾರಕ್ಕೆ ಪೋಣಿಸಿದಳು.

"ಹಾಗಾದರೆ ನಿನಗೆ ಯಾರು ಗೆದ್ದರೂ ಒಂದೇ."

"ಒಂದೇ ಚಿಕ್ಕಮ್ಮ."

"ತೋರಿಸು. ಅವನ ಹೆಸರಿನ ಬಾಗಿಲು ತೆಗೆದು ತೋರಿಸು."

ಲಸ್ಸಾದ್ ಫೋನ್ ತೆಗೆದು ಸಂಖ್ಯೆ ಒತ್ತಿದ, ಗುಪ್ತಪದ ಒತ್ತಿದ. ಖಾತೆ ತೆರೆಯಲಿಲ್ಲ. ತಡೆಹಿಡಿಯಲಾಗಿದೆ ಎಂದು ಕೆಂಪು ಅಕ್ಷರ ಬಂತು. ಇನ್ನೊಮ್ಮೆ ಒತ್ತಿದ. ಮತ್ತೆ ಅದೇ. ಸದಾ ಸೋಲುತ್ತಿದ್ದವನು ವಾರಗಟ್ಟಲೆ ಸುಮ್ಮನಿದ್ದು ಒಮ್ಮೆಲೇ ಅಷ್ಟು ಗೆದ್ದದ್ದು ಕಂಪನಿಗೆ ಅನುಮಾನ ತಂದಿತ್ತು. ಖಾತೆಯ ಒಡೆಯ ಗುರುತಿನ ಚೀಟಿ ಹಿಡಿದು ಖುದ್ದಾಗಿ ಬರುವವರೆಗೆ ಅದು ತೆರೆಯುವುದಿಲ್ಲ. ಲಸ್ಸಾದನಿಗೆ ಅದು ಅರ್ಥವಾಯಿತು. ಆದರೆ ಅವನು ಬಾಯಿ ತೆರೆಯುವಷ್ಟರಲ್ಲಿ ಮಬ್ರೂಕಾಳ ಮುಖ ಅರಳಿಬಿಟ್ಟಿತ್ತು.

"ಬೀಗ ಬದಲಾಯಿಸಿದ್ದಾನೆ ನೋಡು! ಬೀಗ ಬದಲಾಯಿಸೋದು ಯಾರು? ಮನೆಯವನು ಬಂದ ಅಂತ ಅರ್ಥ."

"ಹಾಗಲ್ಲ ಚಿಕ್ಕಮ್ಮ, ಕಂಪನಿಯವರು..."

"ಅವನು ಗೆದ್ದ ದುಡ್ಡಿನ ಮೇಲೆ ನಿನ್ನ ಕಣ್ಣು ಬಿದ್ದಿದೆ, ಲಸ್ಸಾದ್. ನಿಮ್ಮಮ್ಮ ಇದ್ದಿದ್ದರೆ ನಾಚಿಕೊಂಡು ಸಾಯ್ತಿದ್ದಳು."

ಸಿಹಾಮ್ ಅವನ ಮುಖವನ್ನೇ ನೋಡುತ್ತಿದ್ದಳು. ಅವಳು ನಂಬಿದ್ದಳು. "ಅಮ್ಮಾ, ಅವನು ಸುಳ್ಳು ಹೇಳ್ತಿಲ್ಲ. ನಾಳೆ ಬೆಳಗ್ಗೆ ಹೋಗಿ ಎಂಜಲು ಕೊಟ್ಟು ಬರೋಣ. ಕೊಟ್ಟ ಮಾತ್ರಕ್ಕೆ ಅವನು ಸತ್ತ ಅಂತ ಆಗಲ್ಲ."

ಲಸ್ಸಾದ್ ನೆಲದ ಮೇಲೆ ಕುಕ್ಕರಿಸಿದ. "ಎರಡೂ ಕಡೆ ಇಟ್ಟುಕೋ ಚಿಕ್ಕಮ್ಮ. ಅಲ್ಲಿ ಎಂಜಲೂ ಕೊಡು, ಇಲ್ಲಿ ಬಾಗಿಲೂ ತೆರೆದಿಡು. ಯಾವುದಾದರೂ ಒಂದು..."

"ಅದು ನಿನ್ನ ಕಸುಬು. ನಾನು ಒಂದೇ ಕಡೆ ಇಟ್ಟಿದ್ದೀನಿ. ಏಳು, ಮನೆಗೆ ಹೋಗು."

ಗುರುವಾರ ಕಳೆಯಿತು. ಶುಕ್ರವಾರ ದಕ್ಷಿಣದಲ್ಲಿ ಮಣ್ಣಾಯಿತು.

ಖಾತೆಯ ಒಡೆಯ ತಿಂಗಳೊಳಗೆ ಬಂದು ಹಣ ತೆಗೆದುಕೊಳ್ಳದಿದ್ದರೆ ಮುಟ್ಟುಗೋಲು ಎಂದು ಕಂಪನಿ ಹುಸ್ನಿಗೆ ತಿಳಿಸಿತು. ಹುಸ್ನಿ ಅದನ್ನು ಮಬ್ರೂಕಾಳಿಗೂ ಹೇಳಿದ. ಅದರ ಮರುದಿನದಿಂದ ಅವಳು ಬಿಳಿ ಸಫ್ಸಾರಿ ಹೊದ್ದು ಮಧ್ಯಾಹ್ನದ ನಮಾಜು ಮುಗಿಸಿ ಬೆಟ್ಟಿಂಗ್ ಅಂಗಡಿಗೆ ಬಂದು ಕೂರತೊಡಗಿದಳು. ಹೆಂಗಸೊಬ್ಬಳು ಆ ಹೊಸ್ತಿಲು ದಾಟಿದ್ದನ್ನು ಅಲ್ಲಿನವರು ನೋಡಿರಲಿಲ್ಲ. ಮೊದಲ ದಿನ ಕೆಲವರು ಎದ್ದು ಹೊರಗೆ ಹೋದರು. ಆಮೇಲೆ ಅವಳಿಗೊಂದು ಕುರ್ಚಿ ಬಂತು, ಗೋಡೆಯ ಪಕ್ಕ, ಬಾಗಿಲು ಕಾಣುವ ಹಾಗೆ. ಹುಸ್ನಿ ಪುದೀನ ಹಾಕಿದ ಚಹಾ ಇಡುತ್ತಿದ್ದ. ಗಂಡಸರು ಬೈಗುಳ ನುಂಗಿಕೊಂಡು ಆಟ ನೋಡುವುದನ್ನು ಕಲಿತರು.

"ಗೋಲು ಬಿದ್ದಾಗ ಕೂಗ್ರಪ್ಪ, ನನ್ನ ಮಗನೂ ಕೂಗ್ತಿದ್ದ," ಎಂದಳು ಒಂದು ದಿನ.

ಯಾರೂ ಕೂಗಲಿಲ್ಲ.

ಬಿಜೆರ್ತದ ಪಂದ್ಯವಿದ್ದ ಭಾನುವಾರ ಅವಳು ಪಕ್ಕದವನನ್ನು ಕೇಳಿದಳು, "ಇದರಲ್ಲಿ ನಮ್ಮವರು ಯಾರು?"

"ಹಳದಿ ಅಂಗಿಯವರು, ಅಮ್ಮ."

ಪಂದ್ಯ ಮುಗಿಯುವವರೆಗೂ ಅವಳು ಹಳದಿ ಅಂಗಿಗಳನ್ನೇ ನೋಡಿದಳು. ಅವರು ಸೋತರು.

ಲಸ್ಸಾದ್ ಅಂಗಡಿಯೊಳಗೆ ಹೋಗುವುದನ್ನು ಬಿಟ್ಟಿದ್ದ. ಆಡಲು ಅವನ ಬಳಿ ದುಡ್ಡೂ ಇರಲಿಲ್ಲ. ಗುಜರಿ ಅಂಗಳದಲ್ಲಿ ಹಳೆ ಕಬ್ಬಿಣ ತೂಗುವ ಕೆಲಸಕ್ಕೆ ಸೇರಿಕೊಂಡ. ಮಧ್ಯಾಹ್ನ ರಸ್ತೆಯ ಆಚೆಗಿನ ಲಬ್ಲಾಬಿ ಅಂಗಡಿಯಲ್ಲಿ ಕೂತು ಕಡಲೆಯ ಸಾರಿಗೆ ರೊಟ್ಟಿ ಮುರಿದು ಹಾಕಿಕೊಂಡು, ಗಾಜಿನೊಳಗೆ ಕಾಣುವ ಬಿಳಿ ಬಟ್ಟೆಯನ್ನು ನೋಡುತ್ತಿದ್ದ. ಅವಳಿಗೂ ಅವನು ಕಾಣುತ್ತಿದ್ದ. ಕರೆಯಲಿಲ್ಲ.

ಗಡುವಿನ ಕೊನೆಯ ದಿನ ಸಿಹಾಮ್ ತಾಯಿಯನ್ನು ಕರೆದೊಯ್ಯಲು ಬಂದಾಗ ಹುಸ್ನಿ ಕಂಪ್ಯೂಟರಿನ ಮುಂದೆ ಕೂತಿದ್ದ. ಖಾತೆಯ ಎದುರು ಸೊನ್ನೆ ಬಂದಿತ್ತು.

"ಗೆದ್ದ ದುಡ್ಡು ತಗೊಳ್ಳೋಕೆ ಯಾರೂ ಬರಲಿಲ್ವಾ?" ಎಂದು ಮಬ್ರೂಕಾ ಕೇಳಿದಳು.

"ಇಲ್ಲ ಚಿಕ್ಕಮ್ಮ."

"ಬೇರೆ ಊರಿನ ಅಂಗಡೀಲಿ?"

"ಎಲ್ಲಿಂದಲೂ ಇಲ್ಲ."

ಅವಳು ಚಹಾದ ಲೋಟವನ್ನು ಪೂರ್ತಿ ಮುಗಿಸಿದಳು. ಆಮೇಲೆ ಮಗಳ ಕಡೆ ತಿರುಗಿದಳು. "ಬೆಳಗಿನ ಗಾಡಿ ಎಷ್ಟೊತ್ತಿಗೆ?"

ಎಂಜಲು ಕೊಟ್ಟು ಬಂದರು. ಉತ್ತರ ಬರಲು ಚಳಿಗಾಲ ಮುಗಿಯಬೇಕಾಯಿತು. ಆ ಏಳರಲ್ಲಿ ಒಬ್ಬ ವಜ್ದಿ. ಮಣ್ಣು ಮಾಡುವ ಮೊದಲು ಪ್ರತಿ ದೇಹದಿಂದಲೂ ಮಾದರಿ ತೆಗೆದಿಟ್ಟಿದ್ದರಿಂದ ಅಷ್ಟಾದರೂ ಗೊತ್ತಾಯಿತು.

ಖಬರಸ್ತಾನಕ್ಕೆ ಹೋಗಲು ಜೊತೆಗೊಬ್ಬ ಗಂಡಸು ಬೇಕಿತ್ತು. ಸೋದರಮಾವ ಹಾಸಿಗೆ ಹಿಡಿದಿದ್ದ. ಸಿಹಾಮ್ ಲಸ್ಸಾದನನ್ನು ಕೇಳಿದಳು. ಮಬ್ರೂಕಾ ಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಎಂಟು ಜನ ತುಂಬಿದರೆ ಹೊರಡುವ ಬಾಡಿಗೆ ವ್ಯಾನಿನಲ್ಲಿ ಅವನು ಹಿಂದಿನ ಸೀಟಿನಲ್ಲಿ ಕೂತ. ದಾರಿಯುದ್ದಕ್ಕೂ ಅವಳ ತಲೆಯ ಹಿಂಭಾಗ ಅವನ ಮುಂದಿತ್ತು.

ಅಪರಿಚಿತರ ಖಬರಸ್ತಾನ ಊರಾಚೆ, ಆಲಿವ್ ತೋಪು ಮುಗಿದು ಮರಳು ಶುರುವಾಗುವಲ್ಲಿ. ಕಾವಲುಗಾರ ಬಡ ಮುದುಕ. ಅವನು ಸಾಲಿನವರೆಗೆ ಕರೆದುಕೊಂಡು ಹೋಗಿ ನಿಂತ. ಅಕ್ಕಪಕ್ಕದಲ್ಲಿ ನಾಲ್ಕು ದಿಬ್ಬಗಳಿದ್ದವು.

"ಏಳರಲ್ಲಿ ಮೂವರನ್ನು ಅವರವರ ಮನೆಯವರು ಒಯ್ದರು, ಉಳಿದ ಈ ನಾಲ್ಕರಲ್ಲಿ ಒಂದು ಕಣಮ್ಮ. ಇಟ್ಟಿಗೆ ಮೇಲೆ ಬಣ್ಣದಲ್ಲಿ ನಂಬರ್ ಬರೆದಿಟ್ಟಿದ್ದರು. ಚಳಿಗಾಲದ ಮಳೆಗೆ ನೀರು ನುಗ್ಗಿ ಎಲ್ಲ ಕೊಚ್ಕೊಂಡು ಹೋಯ್ತು. ಇಟ್ಟಿಗೆ ಸಿಕ್ಕಿದವು, ಬಣ್ಣ ಉಳಿದಿರಲಿಲ್ಲ."

"ಮತ್ತೆ ಅಗೆದು ನೋಡೋಕೆ ಆಗಲ್ವಾ?" ಎಂದಳು ಸಿಹಾಮ್.

"ಕೋರ್ಟಿನಿಂದ ಅಪ್ಪಣೆ ತರಬೇಕು ಮಗಳೇ. ಬೇರೆಯವರ ಮಕ್ಕಳೂ ಇದ್ದಾರಲ್ಲ. ಇದುವರೆಗೂ ಯಾರಿಗೂ ಸಿಕ್ಕಿಲ್ಲ." ಮುದುಕ ತಲೆ ತಗ್ಗಿಸಿದ. "ಆ ವಾರ ಬಂದಿದ್ದರೆ ಪೆಟ್ಟಿಗೇಲಿ ಹಾಕಿ ಕೊಡ್ತಿದ್ದರು."

ಮಬ್ರೂಕಾ ಲಸ್ಸಾದನ ಕಡೆ ತಿರುಗಿದಳು. ಬುಧವಾರದ ಆ ಸಂಜೆಯ ನಂತರ ಅವಳು ಅವನೊಂದಿಗೆ ಆಡಿದ ಮೊದಲ ಮಾತು ಅದು. "ನೀನು ಲೆಕ್ಕದವನು. ಹೇಳು, ಯಾವುದು?"

ಲಸ್ಸಾದ್ ನಾಲ್ಕನ್ನೂ ನೋಡಿದ.

ಅವಳು ಸಫ್ಸಾರಿಯ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಸಾಲಿನಲ್ಲಿ ಎರಡು ಸಲ ಹೋಗಿ ಬಂದು, ಮೂರನೆಯ ದಿಬ್ಬದ ಪಕ್ಕ ಕೂತು ಅಂಗೈಯನ್ನು ಮಣ್ಣಿನ ಮೇಲಿಟ್ಟಳು.

"ಇದು."

"ಅಮ್ಮಾ, ನಿನಗೆ ಹೇಗೆ ಗೊತ್ತು?"

"ಇದು ಅಂದೆನಲ್ಲ." ಅವಳು ತಲೆಯೆತ್ತಲಿಲ್ಲ. "ವಜ್ದಿ, ನಾನು ಕಣೋ. ತಡವಾಗಿ ಬಂದೆ."

ಸಿಹಾಮ್ ತಾಯಿಯ ಬೆನ್ನಿಗೆ ಆತು ಕೂತಳು. ಲಸ್ಸಾದ್ ಗೋಡೆಯ ಬಳಿಯ ನಲ್ಲಿಗೆ ಹೋಗಿ, ಊರಿಂದ ತಂದಿದ್ದ ಬಾಟಲಿಯಲ್ಲಿ ನೀರು ತುಂಬಿಸಿಕೊಂಡು ಬಂದ. ತಾಯಿ ಮಗಳು ಕೂತಿದ್ದ ದಿಬ್ಬಕ್ಕೆ ನೀರು ಚಿಮುಕಿಸಿದ. ಬಾಟಲಿಯಲ್ಲಿ ಇನ್ನೂ ನೀರಿತ್ತು. ಪಕ್ಕದ್ದಕ್ಕೂ ಚಿಮುಕಿಸಿದ, ಅದರ ಪಕ್ಕದ್ದಕ್ಕೂ. ನಾಲ್ಕನೆಯದಕ್ಕೆ ಬರುವಾಗ ನೀರು ಮುಗಿದಿತ್ತು. ಮತ್ತೆ ನಲ್ಲಿಗೆ ಹೋದ.